ಪ್ರಪಂಚ ನೋಡು ಅಂದಳಲ್ಲ

ನಾಸಿಕ
೧೮-೯-೧೯೭೧

ಚಿ. ಚಂಪಾಳಿಗೆ ಅಮ್ಮನ ತುಂಬು ಆಶೀರ್ವಾದ.

ನಿನ್ನ ಎರಡು ಪತ್ರಗಳು ಬಂದು ಕೂತಿವೆ, ನಾನು ಒಂದಕ್ಕೂ ಉತ್ತರ ಬರೆದಿಲ್ಲ. ಸಿಟ್ಟಾಗಬೇಡ. ಬರೆಯಲು ಕೂತರೆ ಎದ್ದು ಹೋಗುವಂಥ ಕೆಲಸ ಬರುತ್ತದೆ, ಕೆಲಸ ಬರದಿದ್ದರೆ ನಾನೇ ಎದ್ದು ಹೋಗುತ್ತೇನೆ. ಮೊನ್ನೆ ನಿನ್ನ ಹೆಸರು ಬರೆದು ಅಲ್ಲಿಗೇ ಬಿಟ್ಟು ತೊಗರಿಬೇಳೆ ಆರಿಸಲು ಕೂತೆ. ಅರ್ಧ ಆದಮೇಲೆ ನೆನಪಾಯಿತು, ಅದು ಬೆಳಿಗ್ಗೆಯೇ ಆರಿಸಿಟ್ಟ ಬೇಳೆ. ನನ್ನ ತಲೆ ಈಗ ಆ ಸ್ಥಿತಿಯಲ್ಲಿದೆ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಹೋಟೆಲು ನಡೆಯುತ್ತಿದೆ, ನಿನ್ನ ಅಪ್ಪಯ್ಯನ ಮಂಡಿನೋವೂ ನಡೆಯುತ್ತಿದೆ. ನಿನ್ನ ಚಿಕ್ಕಪ್ಪ ಶೀನ ಗಲ್ಲಾದ ಮೇಲೆ ಕೂತುಕೊಳ್ಳಲು ಕಲಿತಿದ್ದಾನೆ, ಗಿರಾಕಿಗಳ ಜೊತೆ ಹರಟೆ ಕಡಿಮೆ ಮಾಡಲು ಇನ್ನೂ ಕಲಿತಿಲ್ಲ. ನೀನು ಕನ್ನಡದ ನಡುವೆ ಮರಾಠಿ ಅಕ್ಷರ ತೂರಿಸಿ ಬರೆದದ್ದನ್ನು ಮಹಡಿಯ ಮನೆಯ ಕಸ್ತೂರಿಬಾಯಿ ಓದಿ ಹೇಳಿದರು. ಬೀದರ್ ಕಡೆಯವರು, ಗಂಡನಿಗೆ ಬಟ್ಟೆ ವ್ಯಾಪಾರ, ನೀನು ಹೋದಮೇಲೆ ಬಂದ ಬಿಡಾರ. ಅವರ ಕನ್ನಡ ಕೇಳಿದರೆ ನನಗೆ ಮೊದಮೊದಲು ನಗು ಬರುತ್ತಿತ್ತು. ನನ್ನದು ಕೇಳಿ ಅವರಿಗೂ ಬರುತ್ತಿತ್ತಂತೆ.

ಈಗ ವಿಷಯಕ್ಕೆ ಬರುತ್ತೇನೆ. ಮಾಲೇಗಾಂವಿನಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಸದಾನಂದ, ನಮ್ಮ ಕುಂದಾಪುರದ ಕಡೆಯವರೇ, ಅಲ್ಲಿ ಹೋಟೆಲು ಇಟ್ಟಿದ್ದಾರೆ. ಹುಡುಗನ ಮೇಲೆ ನನಗೆ ದೂರಿಲ್ಲ. ಆದರೆ ಮಾಘದಲ್ಲೇ ಮದುವೆ ಆಗಬೇಕಂತೆ, ನರ್ಸಿಂಗ್ ಓದು ಇಲ್ಲಿಗೇ ನಿಲ್ಲಬೇಕಂತೆ. ಮನೆಗೆ ಬರುವ ಸೊಸೆ ಆಸ್ಪತ್ರೆಯಲ್ಲಿ ಊರವರ ಸೇವೆ ಮಾಡುವುದು ಅವರಿಗೆ ಒಪ್ಪಿಗೆ ಇಲ್ಲ. ಅಪ್ಪಯ್ಯ ಈಗಾಗಲೇ ಅರ್ಧ ಹೂಂ ಅಂದುಬಿಟ್ಟಿದ್ದಾರೆ. "ಒಂದು ವರ್ಷ ಬಾಕಿ ಉಂಟು ಅಂತ ನೀನು ಹೇಳ್ತಿ, ಆ ಹುಡುಗ ಒಂದು ವರ್ಷ ಕಾಯ್ತಾನೆ ಅಂತ ನನಗೆ ಯಾರು ಹೇಳ್ತಾರೆ?" ಅನ್ನುತ್ತಾರೆ. ನಿನ್ನನ್ನು ದೀಪಾವಳಿಗೆ ಕರೆಸಿ, ಮತ್ತೆ ಕಳಿಸದಿರುವ ಯೋಚನೆ ಅವರದು. ಇದನ್ನು ನಿನ್ನಿಂದ ಮುಚ್ಚಿಡುವುದು ನನ್ನಿಂದ ಆಗದು.

ಇದೇ ಹೊತ್ತಿಗೆ ಆ ಸಿನಿಮಾ ಮತ್ತೆ ಬಂದಿದೆ. ಯಾವುದು ಅಂತ ಹೇಳಬೇಕೇ? ನೀನು ಮೆಟ್ರಿಕ್ ಮುಗಿಸಿದ ಬೇಸಿಗೆಯಲ್ಲಿ ನಾವಿಬ್ಬರೂ ನೋಡಿದ ಮರಾಠಿ ಚಿತ್ರ. ಚೊಚ್ಚಲ ಮಗುವನ್ನು ಹೆರಿಗೆಯಲ್ಲೇ ಕಳೆದುಕೊಂಡ ಸೊಸೆ, ಹೆರಿಗೆ ಮಾಡಿಸುವುದನ್ನು ಕಲಿಯಲು ತಾಲೂಕಿನ ಆಸ್ಪತ್ರೆಗೆ ಹೋಗುತ್ತೇನೆ ಅಂತ ಹಟ ಹಿಡಿಯುತ್ತಾಳಲ್ಲ, ಅದು. ಗಂಡ ಬೇಡ ಅನ್ನುತ್ತಾನೆ, ಊರ ಹಿರಿಯರು ಬೇಡ ಅನ್ನುತ್ತಾರೆ. ಅತ್ತೆ ಮಾತ್ರ ಚಿತ್ರ ಮುಗಿಯುತ್ತ ಬಂದರೂ ಬಾಯಿ ಬಿಡುವುದಿಲ್ಲ. ಕೊನೆಗೆ ಸೊಸೆ ಬಟ್ಟೆಗಂಟು ಹಿಡಿದು ಹೊಸ್ತಿಲಿಗೆ ಬಂದಾಗ ಮುದುಕಿ ಎದ್ದು ಬಂದು ಒಂದೇ ಮಾತು ಹೇಳುತ್ತಾಳೆ, ನೀನು ನಿನ್ನ ಪ್ರಪಂಚ ನೋಡು ಅಂತ. ಸೊಸೆಯ ಕಣ್ಣಿಂದ ಬಳಬಳ ನೀರು. ಅಲ್ಲಿಗೆ ಚಿತ್ರ ಮುಗಿಯುತ್ತದೆ.

ನನ್ನ ಮರಾಠಿ ನಿನಗೆ ಗೊತ್ತು, ಭಾಜಿಯವಳ ಹತ್ತಿರ ಕೊತ್ತಂಬರಿಗೆ ಜಗಳ ಮಾಡುವಷ್ಟು. ಆ ಚಿತ್ರದ ಅರ್ಧ ಮಾತು ನನಗೆ ತಿಳಿಯಲೇ ಇಲ್ಲ. ಆದರೆ ಮುದುಕಿಯ ಮಾತು ಮಾತ್ರ ಕನ್ನಡದಲ್ಲೇ ಹೇಳಿದ ಹಾಗೆ ನೇರ ಒಳಗೆ ಇಳಿಯಿತು. ನೀನು ನರ್ಸಿಂಗಿಗೆ ಹೋಗುತ್ತೇನೆ ಅಂದಾಗ ಅಪ್ಪಯ್ಯ ಕುಣಿದಾಡಿದರಲ್ಲ, ಆಗ ಅದನ್ನೇ ಹಿಡಿದುಕೊಂಡು ಅವರ ಎದುರು ನಿಂತೆ. "ಸಿನಿಮಾದ ಅತ್ತೆ ಸೊಸೆಗೆ ಪ್ರಪಂಚ ನೋಡು ಅಂತಾಳೆ, ಹೆತ್ತ ಅಪ್ಪನಿಗೆ ಅಷ್ಟು ಬುದ್ಧಿ ಬೇಡ್ವಾ?" ಅಂತ ಕೇಳಿದ್ದೆ. ಎರಡು ದಿನ ಮುಖ ಊದಿಸಿಕೊಂಡು ತಿರುಗಿದರು, ಮೂರನೆಯ ದಿನ ನಿನಗೆ ಟ್ರಂಕು ತಂದರು.

ನಿನ್ನೆಯೂ ಅದನ್ನೇ ನೆನಪು ಮಾಡಿದೆ. ಅವರು ನಕ್ಕರು. "ಯಾವ ಸಿನಿಮಾ ಮಾರಾಯ್ತಿ ಅದು, ನನ್ನ ಮಗಳನ್ನು ಔರಂಗಾಬಾದಿಗೆ ಕಳಿಸಿದ್ದು? ಈ ಸಲ ನಾನು ಸಹ ಬರ್ತೇನೆ. ಆ ಮುದುಕಿಯ ಮೋರೆ ಒಮ್ಮೆ ನೋಡ್ಬೇಕು."

"ಬನ್ನಿ. ಅವಳ ಮಾತು ಕಿವಿಯಾರೆ ಕೇಳಿ. ಆಮೇಲೆ ಹೇಳಿ, ಚಂಪಾ ಓದು ಬಿಡ್ಬೇಕಾ ಅಂತ."

"ಆಯ್ತು. ಮುದುಕಿ ಹೇಳಿದ ಹಾಗೆ ಆಗ್ಲಿ," ಅಂದರು. ಕಸ್ತೂರಿಬಾಯಿಯ ಎದುರೇ ಅಂದರು, ಸಾಕ್ಷಿ ಇದೆ.

ನಾಳೆ ಮಧ್ಯಾಹ್ನದ ಆಟಕ್ಕೆ ಕಸ್ತೂರಿಬಾಯಿಯೂ ಸೇರಿ ಮೂವರೂ ಹೋಗುತ್ತೇವೆ. ನೀನು ಧೈರ್ಯವಾಗಿರು. ಮುದುಕಿ ನಮ್ಮ ಪಕ್ಷ.

ನಿನ್ನ ಅಮ್ಮ
ವಾರಿಜಾಕ್ಷಿ


ನಾಸಿಕ
೩೦-೯-೧೯೭೧

ಚಿ. ಚಂಪಾಳಿಗೆ ಅಮ್ಮನ ಆಶೀರ್ವಾದ.

ಏನಾಯಿತು, ಏನಾಯಿತು ಅಂತ ನೀನು ಕಾರ್ಡಿನ ಮೇಲೆ ಕಾರ್ಡು ಹಾಕಿದ್ದೀ. ತಡವಾದದ್ದಕ್ಕೆ ಕ್ಷಮಿಸು. ನಿನಗೆ ಬರೆಯುವ ಮೊದಲು ನನಗೇ ಏನಾಯಿತು ಅಂತ ತಿಳಿಯಬೇಕಿತ್ತು. ಅಡುಗೆಮನೆಯಿಂದ ಕಿಟಕಿಗೆ, ಕಿಟಕಿಯಿಂದ ಅಡುಗೆಮನೆಗೆ ತಿರುಗಿದ್ದೇ ತಿರುಗಿದ್ದು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಅಂತ ಎರಡೆರಡು ಸಲ ಹಾಕಿ ಎಲ್ಲರ ಬಾಯಿಗೆ ಬಿದ್ದೆ.

ಸಿನಿಮಾಕ್ಕೆ ಹೋದೆವು. ನನ್ನ ಒಂದು ಪಕ್ಕ ಅಪ್ಪಯ್ಯ, ಇನ್ನೊಂದು ಪಕ್ಕ ಕಸ್ತೂರಿಬಾಯಿ. ಶುರುವಿನಲ್ಲಿ ಅಪ್ಪಯ್ಯನಿಗೆ ತೂಕಡಿಕೆ, ಆ ಹೆರಿಗೆಯ ದೃಶ್ಯ ಬಂದಮೇಲೆ ನೆಟ್ಟಗೆ ಕೂತರು. ಕನ್ನಡಕ ತೆಗೆದು ಒರೆಸಿಕೊಂಡದ್ದನ್ನೂ ನೋಡಿದೆ. ನನಗೆ ಒಳಗೊಳಗೇ ಗೆದ್ದ ಖುಷಿ. ಸೊಸೆ ಗಂಟು ಹಿಡಿದು ಹೊಸ್ತಿಲಿಗೆ ಬಂದಳು. ಮುದುಕಿ ಎದ್ದಳು. ನಾನು ಅಪ್ಪಯ್ಯನ ತೋಳು ಹಿಡಿದು "ಈಗ ಕೇಳಿ" ಅಂದೆ.

"ತೂ ತುಝಾ ಪ್ರಪಂಚ ಬಘ," ಅಂದಳು ಮುದುಕಿ.

ಸುತ್ತ ಹೆಂಗಸರೆಲ್ಲ ಮುಸುಮುಸು ಅಳುತ್ತಿದ್ದಾರೆ. ಅಪ್ಪಯ್ಯ ಒಮ್ಮೆ ನನ್ನ ಮುಖ ನೋಡಿದರು, ಮತ್ತೊಮ್ಮೆ ನೋಡಿದರು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಮುಂದಿನ ಸಾಲಿನ ಅಜ್ಜಿಯೊಬ್ಬಳು ತಿರುಗಿ ಬೈದರೂ ನಿಲ್ಲಿಸಲಿಲ್ಲ. "ಇದಾ? ಇದೇ ಮಾತಾ? ಅಯ್ಯೋ ದೇವರೇ!" ಅಂತ ನಗುತ್ತಲೇ ಎದ್ದು ಟಾಂಗಾ ಕರೆಯಲು ಹೊರಗೆ ಹೋದರು.

ನಾನು ಕಸ್ತೂರಿಬಾಯಿಯನ್ನು ಕೇಳಿದೆ, ಅವರು ಯಾಕೆ ನಗುತ್ತಾರೆ ಅಂತ. ಅವರು ಕಣ್ಣು ಒರೆಸಿಕೊಳ್ಳುತ್ತಾ, "ನಗೂದೇನೈತ್ರಿ ಅಕ್ಕೋರ ಇದರಾಗ? ಪಾಪ, ಆ ಹುಡುಗಿನ್ನ ಕಟ್ಟಿ ಹಾಕಿದ್ರಲ್ಲ," ಅಂದರು.

"ಕಟ್ಟಿ ಹಾಕಿದ್ದು ಎಲ್ಲಿ? ಪ್ರಪಂಚ ನೋಡು ಅಂದಳಲ್ಲ!"

"ಅಯ್ಯ, ಮರಾಠ್ಯಾಗ ಪ್ರಪಂಚ ಅಂದ್ರ ಜಗತ್ತಲ್ರಿ. ಮನಿ, ಮಕ್ಕಳು, ಒಲಿ, ಅದಕ್ಕ ಅಂತಾರ. ನಾವು ಸಂಸಾರ ಅಂತೀವಲ್ಲ, ಅದ. ಎಲ್ಲೂ ಹೋಗಬ್ಯಾಡ, ಸುಮ್ನ ನಿನ್ನ ಸಂಸಾರ ನೋಡ್ಕೋ ಅಂದಾಳ್ರಿ ಮುದುಕಿ."

ಮಗಾ, ಟಾಕೀಸಿನ ಮೆಟ್ಟಿಲ ಮೇಲೆಯೇ ಕೂತುಬಿಟ್ಟೆ. ಇಷ್ಟು ವರ್ಷ ಈ ಊರಲ್ಲಿ ಇದ್ದು ಭಾಜಿಯವಳು, ಹಾಲಿನವನು, ಯಾರೂ ನನ್ನ ಹತ್ತಿರ ಆ ಶಬ್ದ ಆಡಿರಲಿಲ್ಲ. ಅಪ್ಪಯ್ಯನಿಗೆ ಮರಾಠಿ ಚೆನ್ನಾಗಿ ಗೊತ್ತು, ಆದರೆ ನಾನು ಅವರಿಗೆ ಆಗ ಹೇಳಿದ್ದು ಕನ್ನಡದಲ್ಲಿ. ಹಾಗಾಗಿ ಅವರಿಗೂ ಗೊತ್ತಾಗಲಿಲ್ಲ. ಅತ್ತೆ ಬಾಗಿಲು ಹಾಕಿದ ಮಾತನ್ನು ನಾನು ಬಾಗಿಲು ತೆಗೆದ ಮಾತು ಅಂತ ತಿಳಿದು, ಅದರ ಮೇಲೆ ಜಗಳ ಗೆದ್ದು, ನಿನ್ನನ್ನು ಬಸ್ಸು ಹತ್ತಿಸಿದ್ದೆ!

ಟಾಂಗಾದಲ್ಲೂ ಅಪ್ಪಯ್ಯನ ನಗು ನಿಲ್ಲಲಿಲ್ಲ. ಮನೆಗೆ ಬಂದು ಕಾಫಿ ಕುಡಿದಾದ ಮೇಲೆ ಮೆಲ್ಲಗೆ ಹೇಳಿದರು. "ಮುದುಕಿ ಹೇಳಿದ ಹಾಗೆ ಅಂತ ಮಾತಾಗಿತ್ತಲ್ಲ? ಚಂಪಾಗೆ ಕಾಗದ ಬರಿ, ದೀಪಾವಳಿಗೆ ಸಾಮಾನು ಕಟ್ಟಿಕೊಂಡೇ ಬರ್ಲಿ ಅಂತ." ಮರುದಿನ ಹೋಟೆಲಿನಲ್ಲೆಲ್ಲ ಇದೇ ಸುದ್ದಿ. ಶೀನ ತಿಂಡಿಗೆ ಬಂದವನು, "ಅತ್ತಿಗೆ, ಪ್ರಪಂಚ ಹೇಗುಂಟು?" ಅಂತ ಕೇಳಿದ. ಬಡಿಸುತ್ತಿದ್ದ ದೋಸೆಯನ್ನು ವಾಪಸು ತೆಗೆದುಕೊಂಡೆ.

ನಾನು ಬರೆಯಲಿಲ್ಲ. ಬರೆಯುವುದಿಲ್ಲ ಅಂತ ಹೇಳುವ ಧೈರ್ಯವೂ ಬರಲಿಲ್ಲ. ಬಾಯಿಗೆ ಬಂದ ವಾದವನ್ನೆಲ್ಲ ಮನಸ್ಸಿನಲ್ಲೇ ಮಾಡಿ, ಮನಸ್ಸಿನಲ್ಲೇ ಸೋತೆ. ಆ ಚಿತ್ರ ಮಾಡಿದವರ ಮೇಲೂ ಸಿಟ್ಟು ಬಂತು. ಅಷ್ಟು ಒಳ್ಳೆಯ ಹುಡುಗಿಯನ್ನು ತೋರಿಸಿ, ಕೊನೆಗೆ ಒಲೆಯ ಮುಂದೆ ಕೂರಿಸುವುದಕ್ಕೆ ಸಿನಿಮಾ ಯಾಕೆ ಬೇಕು? ಆ ಕೆಲಸಕ್ಕೆ ನಾವೇ ಇದ್ದೇವಲ್ಲ.

ಕೊನೆಗೆ ಮಂಗಳವಾರ ಏನು ಮಾಡಿದೆ ಗೊತ್ತೇ? ಯಾರಿಗೂ ಹೇಳದೆ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಜನ್ಮದಲ್ಲಿ ಮೊದಲ ಸಲ. ಟಿಕೆಟಿನವನು ನನ್ನ ಹಿಂದೆ ಯಾರಾದರೂ ಇದ್ದಾರೆಯೇ ಅಂತ ಬಗ್ಗಿ ನೋಡಿದ. ಈ ಸಲ ಸುಮ್ಮನೆ ಕೊನೆಗಾಗಿ ಕಾದೆ. ಮುದುಕಿ ಆ ಮಾತು ಹೇಳಿದಳು, ಸೊಸೆ ಅತ್ತಳು. ಅದು ಸಂತೋಷದ ಅಳು ಅಲ್ಲ, ಈಗ ಸ್ಪಷ್ಟವಾಗಿ ಕಾಣುತ್ತಿತ್ತು. ಆದರೆ ನಾನು ಮೊದಲು ಮುಖವನ್ನಷ್ಟೇ ನೋಡಿದ್ದೆ, ಈಗ ಕಾಲು ನೋಡಿದೆ. ಅವಳ ಒಂದು ಕಾಲು ಹೊಸ್ತಿಲಿನಾಚೆ ಇತ್ತು. ಅದನ್ನು ಒಳಗೆ ತೆಗೆದುಕೊಂಡದ್ದನ್ನು ತೋರಿಸುವುದಿಲ್ಲ. ಹಾಗೆಯೇ ಮುಗಿಯುತ್ತದೆ.

ಬಂದು ಕಸ್ತೂರಿಬಾಯಿಯನ್ನು ಕೇಳಿದೆ, ಅವಳು ಹೋದಳೋ ಉಳಿದಳೋ ಅಂತ. "ಅದನ್ನ ತೋರ್ಸಂಗಿಲ್ರಿ ಅಕ್ಕೋರ. ನಮಗ ಬಿಟ್ಟಾರ," ಅಂದರು.

ನಮಗೆ ಬಿಟ್ಟಿದ್ದರೆ ನಾನು ಹೇಳಿಯೇಬಿಡುತ್ತೇನೆ ಅಂತ ಸೀದಾ ಕೆಳಗಿಳಿದು ಹೋದೆ. ಅಪ್ಪಯ್ಯ ಸಂಜೆಯ ಕಾಫಿ ತಿಂಡಿ ಮುಗಿಸಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು.

"ನಾನು ಚಂಪಾಗೆ ಬರ್ಲಿಕ್ಕೆ ಬರೆಯೂದಿಲ್ಲ," ಅಂದೆ.

"ಮಾತು ಅಂದ್ರೆ ಮಾತು. ಮುದುಕಿ ಎಂಥ ಹೇಳಿದ್ದು?"

"ಅವಳು ಮರಾಠಿಯಲ್ಲಿ ಎಂಥ ಬೇಕಾದ್ರೂ ಹೇಳ್ಲಿ. ಅವಳು ನನ್ನ ಮಗಳ ಅತ್ತೆ ಅಲ್ಲ. ನಾನು ತಾಯಿ, ನಾನು ಕನ್ನಡದಲ್ಲಿ ಹೇಳ್ತೇನೆ. ಚಂಪಾ ಪ್ರಪಂಚ ನೋಡ್ಲಿ. ಇದಕ್ಕೆ ಬೇರೆ ಅರ್ಥ ಉಂಟಾ?"

ಅವರು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. "ಸದಾನಂದನ ಮನೆಯವರಿಗೆ ಎಂಥ ಹೇಳೂದು?" ಅಂದರು. ಒಂದು ವರ್ಷ ಕಾಯಿರಿ ಅಂತ ಹೇಳಿ ಅಂದೆ. ಕಾಯದಿದ್ದರೆ? ಕಾಯದಿದ್ದರೆ ಅವನು ನಮ್ಮ ಹುಡುಗಿಗೆ ಕಾಯುವಷ್ಟು ಬೆಲೆ ಕೊಟ್ಟಿಲ್ಲ ಅಂತ ಈಗಲೇ ಗೊತ್ತಾಯಿತಲ್ಲ ಅಂದೆ. ಅವರು ಎಲೆಯ ತಟ್ಟೆ ಸರಿಸಿ ಎದ್ದು ಹೋಟೆಲಿಗೆ ಹೋದರು. ಮರುದಿನ ಶೀನನ ಹತ್ತಿರ ಔರಂಗಾಬಾದಿನ ಬಸ್ಸಿನ ಹೊತ್ತು ವಿಚಾರಿಸಿದರು. ಭಾನುವಾರ ಅವರೇ ಬಂದು ನಿನ್ನನ್ನು ಕರೆದುಕೊಂಡು ಬರುವ ಹಾಗೆ ಕಾಣುತ್ತದೆ. ಅದಕ್ಕೇ ಇದನ್ನು ಇವತ್ತೇ ಬರೆದು, ನಾನೇ ಹೋಗಿ ಡಬ್ಬಿಗೆ ಹಾಕಿ ಬರುತ್ತೇನೆ.

ಅವರು ಬಂದರೆ ಕಾಲಿಗೆ ನಮಸ್ಕಾರ ಮಾಡು. ಬಸ್ಸು ಗಂಗಾಪುರ ದಾಟುವಷ್ಟರಲ್ಲಿ ಮಂಡಿ ಹಿಡಿದಿರುತ್ತದೆ, ನೀನು ಕಲಿತ ಹಾಗೆ ಎಣ್ಣೆ ಹಚ್ಚು. ಊಟ ಹಾಕಿಸು. ನಿನ್ನ ವಾರ್ಡಿಗೆ ಕರೆದುಕೊಂಡು ಹೋಗಲು ಬಿಟ್ಟರೆ ಹೆರಿಗೆಯ ವಾರ್ಡನ್ನೇ ತೋರಿಸು. ಆ ದೃಶ್ಯದಲ್ಲಿ ಅವರು ಕನ್ನಡಕ ಒರೆಸಿಕೊಂಡದ್ದು ನನಗೆ ಗೊತ್ತು. ಅವರು ಏನು ಬೈದರೂ ತಲೆತಗ್ಗಿಸಿ ಕೇಳು. ಬಸ್ಸು ಮಾತ್ರ ಹತ್ತಬೇಡ.

ಇನ್ನೊಂದು ಕೇಳಬೇಕು. ಆವತ್ತು ಕತ್ತಲೆಯಲ್ಲಿ ನಿನ್ನ ಕಿವಿಯಲ್ಲಿ, "ಪ್ರಪಂಚ ನೋಡು ಅಂದಳಲ್ಲ?" ಅಂತ ಕೇಳಿದ್ದೆ. ನೀನು "ಹೌದಮ್ಮ" ಅಂದೆ. ಒಂದನೆಯ ಕ್ಲಾಸಿನಿಂದ ಮರಾಠಿ ಶಾಲೆಯಲ್ಲಿ ಓದಿದವಳು, ಮರಾಠಿಯಲ್ಲೇ ಕನಸು ಕಾಣುವವಳು. ನಿನಗೆ ಗೊತ್ತಿತ್ತೋ, ಇಲ್ಲ ನಿನ್ನ ಅರೆಬರೆ ಕನ್ನಡದಲ್ಲಿ ನನ್ನ ಮಾತೇ ತಿಳಿಯಲಿಲ್ಲವೋ? ಉತ್ತರ ಬರೆಯಬೇಡ. ಗೊತ್ತಿದ್ದೇ ಹೌದು ಅಂದಿದ್ದರೆ ನೀನು ನನಗಿಂತ ಜಾಣೆ, ನನಗೆ ಅಷ್ಟು ಸಾಕು.

ಚೆನ್ನಾಗಿ ಉಣ್ಣು, ಎಣ್ಣೆ ಹಾಕಿ ತಲೆ ಬಾಚು. ದೇವರು ನಿನ್ನ ಕೈಗೆ ಒಳ್ಳೆಯ ಗುಣ ಕೊಡಲಿ, ನೀನು ಹಿಡಿದ ಕೂಸುಗಳೆಲ್ಲ ಬದುಕಲಿ.

ನಿನ್ನ ಅಮ್ಮ
ವಾರಿಜಾಕ್ಷಿ

ಮತ್ತೆ: ಲಕೋಟೆ ಅಂಟಿಸಲು ಹೊರಟು ಮತ್ತೆ ಬಿಚ್ಚಿದೆ. ನಿನಗೆ ಇದನ್ನು ಯಾವತ್ತೂ ಹೇಳಿಲ್ಲ. ನಾನು ಎಂಟನೆಯ ಕ್ಲಾಸು ಮುಗಿಸಿದಾಗ ನಮ್ಮ ಹೆಡ್ ಮಾಸ್ತರರು ಮನೆಗೆ ಬಂದಿದ್ದರು, ಇವಳನ್ನು ಮಂಗಳೂರಿನ ಟೀಚರ್ಸ್ ಟ್ರೇನಿಂಗಿಗೆ ಕಳಿಸಿ ಅಂತ ಕೇಳಲು. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ಅವರು ಹೋದಮೇಲೆ ನನ್ನಮ್ಮ ಒಳಗೆ ಬಂದು, "ನಿನಗೆ ಗಂಡು ಗೊತ್ತಾಗಿದೆ. ಇನ್ನು ನೀನು ನಿನ್ನ ಸಂಸಾರ ನೋಡ್ಕೋ," ಅಂದಳು. ಆಮೇಲೆ ಎಷ್ಟೋ ವರ್ಷ ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದೆ, ಬೇರೇನಾದರೂ ಅಂದಿರಬಹುದೇ ಅಂತ. ಇಲ್ಲ ಮಗಾ. ಅದು ನಮ್ಮದೇ ಭಾಷೆಯಲ್ಲಿತ್ತು.