ಬೀಗದ ಜಾಗದಲ್ಲಿ ಕುರ್ಚಿ

ಅಪ್ಪಾ,

ಎದುರಿಗೆ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಚೀಟಿಯನ್ನು ನಿಮ್ಮ ಊಟದ ಡಬ್ಬಿಯಲ್ಲಿ ಇಟ್ಟಿದ್ದೇನೆ.

ಕೆಲಸದ ಹೊತ್ತಿನಲ್ಲಿ ಹೊಲಿಗೆ ಕೋಣೆಗೆ ಬೀಗ ಹಾಕಬಾರದೆಂದು ನಮ್ಮ ಸಂಘ ಎರಡು ವರ್ಷ ಹೋರಾಡಿತು. ಬೀಗ ಹೋಯಿತು. ಸಾಹುಕಾರರು ಬಾಗಿಲಿಗೆ ಅಡ್ಡ ಕುರ್ಚಿ ಹಾಕಿ ನಿಮ್ಮನ್ನು ಕೂರಿಸಿದರು. "ನಿಮ್ಮಪ್ಪ ಬೀಗಕ್ಕಿಂತ ಗಟ್ಟಿ ಕಣೇ" ಎಂದು ಪಕ್ಕದ ಮಿಷನ್ನಿನವಳು ನಕ್ಕಾಗ ನಾನೂ ನಕ್ಕೆ. ನಿಮ್ಮ ಮಂಡಿನೋವಿಗೆ ಕೂತು ಮಾಡುವ ಕೆಲಸವೇ ಬೇಕು, ಆ ಕೆಲಸ ಬಿಡಿ ಎಂದು ನಾನು ಹೇಳುವುದಿಲ್ಲ.

ನಿನ್ನೆ ಇಸ್ತ್ರಿ ಮೇಜಿಗೆ ಬೆಂಕಿ ಹತ್ತಿದಾಗ ನಾವೆಲ್ಲ ಬಾಗಿಲಿಗೆ ಓಡಿ ಬಂದೆವು. "ಸಾಹುಕಾರ್ರು ಬರ್ಲಿ, ಇರ್ರಮ್ಮಾ" ಎಂದಿರಿ, ಕೂತಲ್ಲಿಂದಲೇ. ಬೆಂಕಿ ಹೇಗೋ ಆರಿತು. ಬೀಗವಾಗಿದ್ದರೆ ಒಡೆಯುತ್ತಿದ್ದೆವು. ನಿಮ್ಮನ್ನು ಯಾರೂ ಮುಟ್ಟಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

ಊಟವಾದ ಮೇಲೆ ಕುರ್ಚಿಯನ್ನು ಒಂದು ಮೊಳ ಪಕ್ಕಕ್ಕೆ ಎಳೆದುಕೊಳ್ಳಿ.

ಒಳಗಿರುವ
ನಿಮ್ಮ ಮಗಳು