ಏಕಾದಶಿಯಂದು ವಿಮಾನದಲ್ಲಿ ಕುಡಿದ ನೀರು

ದೆಹಲಿ, ಏಕಾದಶಿ

ತಂಗಿ ನಳಿನಾಕ್ಷಿಗೆ ಅಕ್ಕನ ಆಶೀರ್ವಾದ.

ಸುಖವಾಗಿ ತಲುಪಿದೆ. ಕಿವಿಯ ಶಸ್ತ್ರಚಿಕಿತ್ಸೆ ಮಾಡಿದ ಮಣಿಪಾಲದ ವೈದ್ಯರು, ವಿಮಾನ ಇಳಿಯುವಾಗ ಏನನ್ನಾದರೂ ನುಂಗುತ್ತಿರಬೇಕೆಂದಿದ್ದರು. ಟಿಕೆಟ್ ಮಾಡಿಸುವಾಗ ಪಂಚಾಂಗ ನೋಡಲು ಮರೆತಿದ್ದೆ. ನಿರ್ಜಲ ಉಪವಾಸದಿಂದ ಬಾಯಿ ಒಣಗಿತ್ತು. ಇಳಿಯತೊಡಗಿದಂತೆ ಕಿವಿ ಬಿಗಿಯಿತು. ವಿಮಾನ ಹತ್ತುವಾಗಲೇ ಮಾತನಾಡಿಸಿ, ನಾನು ಟೀಚರ್ ಆಗಿದ್ದುದನ್ನೂ ಕಿವಿಯ ವಿಷಯವನ್ನೂ ತಿಳಿದುಕೊಂಡಿದ್ದ ಗಗನಸಖಿ, ಕಾರ್ಕಳದ ದೀಕ್ಷಿತಾ, ನೀರು ತಂದಳು.

"ಇವತ್ತು ಏಕಾದಶಿ, ಮಗಾ."

"ಉಪವಾಸ ಹೊಟ್ಟೆಗೆ ಅಲ್ವಾ ಟೀಚರ್? ಕಿವಿಗೆ ಎಂತ ಏಕಾದಶಿ! ಕುಡೀರಿ!"

ಮೂವತ್ತೆರಡು ವರ್ಷ ಮಕ್ಕಳನ್ನು ಗದರಿದ ನಾನು ವಿಧೇಯಳಾಗಿ ಗುಟುಕು ಗುಟುಕಾಗಿ ಕುಡಿದೆ. ಎಂತಹ ಕರ್ತವ್ಯನಿಷ್ಠೆ ಆ ಹುಡುಗಿಯದು! ವಿಮಾನದಿಂದ ಹೊರಬರುವಾಗ ಬಾಗಿಲಲ್ಲಿ ಅವಳು ಮೆಲ್ಲಗೆ, "ಕೇಳ್ತದಾ?" ಎಂದದ್ದು ಸ್ಪಷ್ಟವಾಗಿ ಕೇಳಿಸಿತು.

ಅಮ್ಮನಿಗೆ ಕಿವಿಯ ವಿಷಯ ತಿಳಿಸು. ನೀರಿನ ವಿಷಯ ಬೇಡ.

ನಿನ್ನ ಅಕ್ಕ,
ಸ್ವರ್ಣಲತಾ