ಮೊದಲು ಬಲ್ಬು, ಆಮೇಲೆ ಫ್ರಿಜ್ಜು

ಅಪ್ಪಾ,

ನಿನ್ನ ಬಲ್ಬು ಒಡೆದುಹೋಯ್ತು, ಬೈಬೇಡ. ಅಮ್ಮನೂ ನಾನೂ ಚೆನ್ನಾಗಿದ್ದೀವಿ. ಬಾಡಿಗೆ ವ್ಯಾನಿನಲ್ಲೇ ಅಡುಗೆ, ಅಲ್ಲೇ ನಿದ್ದೆ.

ನಿನ್ನೆ ಮಧ್ಯಾಹ್ನ ಕೆರೆ ಪಕ್ಕದ ಕ್ಯಾಂಪ್ ಮೈದಾನದಲ್ಲಿ ನಿಲ್ಲಿಸಿದೆವು. ಅಲ್ಲಿ ಒಂದೊಂದು ವ್ಯಾನಿಗೂ ಕರೆಂಟಿನ ಒಂದೊಂದು ಕಂಬ. ನಾನು ವ್ಯಾನಿನ ವೈರು ಸಿಕ್ಕಿಸೋಕೆ ಹೋದರೆ ಅಮ್ಮ ಕೈ ಹಿಡಿದಳು. "ಮೊದಲು ಆ ಮಹಾನುಭಾವರು ಕೊಟ್ಟಿರೋ ಬಲ್ಬು ಹಾಕಿ ನೋಡು. ಮನೆಗೆ ಹೋದಮೇಲೆ ಅವರಿಗೆ ಉತ್ತರ ಹೇಳೋರ್ಯಾರು?" ಹೊಸ ಪ್ಲಗ್ಗು ಕಂಡರೆ ಕರೆಂಟು ಸರಿಯಾಗಿ ಬರ್ತಿದೆಯಾ ನೋಡೋಕೆ ನೀನು ಬಲ್ಬು ಹಿಡಕೊಂಡು ಓಡಿಬರೋದನ್ನ ಇಷ್ಟು ವರ್ಷ ಆಡಿಕೊಂಡು ನಗ್ತಿದ್ದವಳು ಇವಳೇ! ಹಾಕಿದೆ. ಬಿಸಿಲಲ್ಲೂ ಕಣ್ಣು ಕುಕ್ಕುವಷ್ಟು ಬೆಳ್ಳಗೆ ಉರಿದು ಢಬ್ ಅಂತ ಒಡೀತು. ಕಂಬದೊಳಗೆ ವೈರು ಸಡಿಲ ಆಗಿ ಕರೆಂಟು ದುಪ್ಪಟ್ಟು ಬರ್ತಿತ್ತಂತೆ. ನೋಡೋಕೆ ಬಂದ ರಿಪೇರಿಯವನೇ ಬೆವರು ಒರೆಸ್ಕೊಂಡ. ವ್ಯಾನಿನ ವೈರು ಹಾಕಿದ್ದರೆ ಫ್ರಿಜ್ಜು ಸುಟ್ಟು, ಅದರಲ್ಲಿದ್ದ ಅಮ್ಮನ ಇನ್ಸುಲಿನ್ ಎಲ್ಲಾ ಹಾಳಾಗ್ತಿತ್ತು. ಈ ಕಡೆ ಔಷಧಿ ಅಂಗಡಿ ಹತ್ತಿರದಲ್ಲೆಲ್ಲೂ ಇಲ್ಲ.

ಈಗ ಬೇರೆ ಕಂಬ, ಹೊಸ ಬಲ್ಬು. ಅಮ್ಮನ ಶುಗರ್ ಹತೋಟಿಯಲ್ಲಿದೆ. ನಿನ್ನ ಮಂಡಿ ಹೇಗಿದೆ? ಎಣ್ಣೆ ಹಚ್ಚೋದು ಮರೀಬೇಡ.

ಕಾರ್ಡಲ್ಲಿ ಜಾಗ ಮುಗೀತಾ ಬಂತು, ಇದೊಂದು ಹೇಳಿಬಿಡ್ತೀನಿ. ಬೆಳಿಗ್ಗೆ ಟೀಗೆ ಕೆಟಲ್ ಹಾಕೋಕೂ ಅಮ್ಮ ಬಿಡಲಿಲ್ಲ. ಬಲ್ಬು ಹಚ್ಚಿ, ಅದರ ಮುಂದೆ ಕೂತು, "ತಡಿಯೇ, ಮೊದಲು ನಿಮ್ಮಪ್ಪ ಹೂಂ ಅನ್ನಲಿ" ಅಂದಳು.

ನಿನ್ನ ಪುಟ್ಟಿ